ಎಂಟು ಅಡಿ ದೂರದ ಆಟ

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಮ್ಮ ಬೀದಿಯ ಪಬ್ಬಿನಲ್ಲಿ ಡಾರ್ಟ್ಸ್, ಅಂದರೆ ದುಂಡು ಹಲಗೆಗೆ ಪುಟ್ಟ ಬಾಣ ಎಸೆಯುವ ಆಟ, ನೋಡುತ್ತಾ ಕೂತರೆ ನನಗೆ ಬೆರಗಾಗುತ್ತಿದ್ದದ್ದು ಗುರಿಗಿಂತ ಲೆಕ್ಕ. ಬಿದ್ದ ಅಂಕವನ್ನು 501ರಿಂದ ಕಳೆಯುತ್ತಾ ಬರಬೇಕು. ಕೊನೆಯ ಬಾಣ ಡಬಲ್‌ಗೆ, ಅಂದರೆ ಅಂಕ ಎರಡರಷ್ಟಾಗುವ ಜಾಗಕ್ಕೆ, ಬಿದ್ದು ಸರಿಯಾಗಿ ಸೊನ್ನೆಯಾಗಬೇಕು. ಒಬ್ಬ ಅಜ್ಜ ಒಂದು ಕೈಯಲ್ಲಿ ಬಿಯರ್, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು, ಹಳೇ ಕಾಲದ ದಿನಸಿ ಅಂಗಡಿಯವರ ಹಾಗೆ ಬಾಯಲ್ಲೇ ಲೆಕ್ಕ ಮುಗಿಸುತ್ತಿದ್ದ.

'ನ್ಯೂಸ್ ಆಫ್ ದಿ ವರ್ಲ್ಡ್' ಪಂದ್ಯಾವಳಿಯ ಹೆಸರು ನಾನು ಮೊದಲು ಕೇಳಿದ್ದು ಆ ಅಜ್ಜನ ಬಾಯಲ್ಲೇ. ಅದೇ ಹೆಸರಿನ ಭಾನುವಾರದ ಪತ್ರಿಕೆ 1927ರಲ್ಲಿ ಲಂಡನ್ನಿನ ಪಬ್ಬುಗಳಲ್ಲಿ ಶುರು ಮಾಡಿದ ಆಟ ಅದು. ಮೊದಲು ನಿಮ್ಮ ಪಬ್ಬಿನಲ್ಲಿ ಗೆಲ್ಲಬೇಕು, ಆಮೇಲೆ ಜಿಲ್ಲೆ, ಆಮೇಲೆ ಪ್ರಾಂತ್ಯ, ಕೊನೆಗೆ ಫೈನಲ್. ಎಂಟು ಅಡಿ ದೂರದಿಂದ ಎಸೆಯಬೇಕು, ಬೇರೆ ಕಡೆಗಿಂತ ಎರಡು-ಮೂರು ಇಂಚು ಜಾಸ್ತಿ. ಮೂರು ಆಟದಲ್ಲಿ ಎರಡು ಗೆದ್ದರೆ ಮುಂದೆ, ಇಲ್ಲದಿದ್ದರೆ ಮನೆಗೆ.

ಎಪ್ಪತ್ತರ ದಶಕದಲ್ಲಿ ಅಲ್ಲಿನ ಟಿವಿ ವಾಹಿನಿ ಐಟಿವಿ ಇದನ್ನು ಮನೆಮನೆಗೆ ತೋರಿಸಿತು. 1978ರಲ್ಲಿ ಸ್ವೀಡನ್ನಿನ ಸ್ಟೆಫಾನ್ ಲಾರ್ಡ್ ಗೆದ್ದ. ಮರುವರ್ಷ ಬಾಬಿ ಜಾರ್ಜ್ ಒಂದೇ ಒಂದು ಆಟವನ್ನೂ ಸೋಲದೆ ಗೆದ್ದ. ಎರಿಕ್ ಬ್ರಿಸ್ಟೋ 1983, 84ರಲ್ಲಿ ಗೆದ್ದ. 1990ಕ್ಕೆ ಎಲ್ಲ ನಿಂತಿತು. 1997ರಲ್ಲಿ ಒಂದು ಸಲ ಮತ್ತೆ ನಡೆಸಿದರು, ಫಿಲ್ ಟೇಲರ್ ಗೆದ್ದ, ಅಷ್ಟೇ. 2011ರಲ್ಲಿ ಪತ್ರಿಕೆಯೂ ಮುಚ್ಚಿತು.

ಮೂರೇ ಆಟದಲ್ಲಿ ಹಣೆಬರಹ ಬರೆಯುವುದು ಅನ್ಯಾಯ ಅಂತ ವೃತ್ತಿ ಆಟಗಾರರು ಅಂದರೆ ತಪ್ಪಲ್ಲ. ಒಂದು ಡಬಲ್ ತಪ್ಪಿದರೆ ಎಂಥ ದೊಡ್ಡವನೂ ಹೊರಗೆ. ಈಗಿನ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್ಲಿನಲ್ಲಿ ಏಳು ಸೆಟ್ ಗೆಲ್ಲಬೇಕು, ಒಂದೊಂದು ಸೆಟ್ಟಿನಲ್ಲೂ ಹಲವು ಆಟ. ಹಾಗಾಗಿ ನಿಜವಾಗಿ ಚೆನ್ನಾಗಿ ಆಡುವವನೇ ಗೆಲ್ಲುತ್ತಾನೆ, ಒಪ್ಪಿದೆ. ಆದರೆ ನನಗೆ ಇಷ್ಟವಾಗುವುದು ಹಳೆಯದೇ. ಈ ಹೊಸ ಜಾತ್ರೆ ನಡೆಯುವ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಲ್ಲೇ ಒಂದು ಕಾಲಕ್ಕೆ ಪಬ್ಬಿನ ಹುಡುಗರು ಫೈನಲ್ ಆಡುತ್ತಿದ್ದರು. ಈಗ ಅಲ್ಲಿಗೆ ಚಿತ್ರವಿಚಿತ್ರ ವೇಷ ಹಾಕಿಕೊಂಡು ಹೋಗುವ ಜನ ಆಟ ನೋಡುತ್ತಾರೋ, ಕ್ಯಾಮೆರಾ ಹುಡುಕುತ್ತಾರೋ ಗೊತ್ತಾಗಲ್ಲ.

ನನಗೆ ನಮ್ಮ ಕರಾವಳಿಯ ಹೊನಲು ಬೆಳಕಿನ ಕಬಡ್ಡಿ ನೆನಪಾಗುತ್ತದೆ. ಪ್ರವೇಶ ಶುಲ್ಕ ಕಟ್ಟಿದ ಯಾವ ತಂಡವೂ ಇಳಿಯಬಹುದಿತ್ತು. ಒಮ್ಮೆ ಸೋತರೆ ಮುಗಿಯಿತು. ಗೆದ್ದವರು ಬೆಳಗಿನ ಜಾವ ಪರ್ಯಾಯ ಫಲಕ ಹೊತ್ತುಕೊಂಡು ಮೊದಲ ಬಸ್ಸಿಗೆ ಕಾಯುತ್ತಿದ್ದರು. 2014ರಲ್ಲಿ ಪ್ರೊ ಕಬಡ್ಡಿ ಬಂತು. ಆಟಗಾರರಿಗೆ ದುಡ್ಡು ಸಿಕ್ಕಿತು, ಅದು ಸಿಗಲೇಬೇಕಿತ್ತು. ಆದರೆ ಅಲ್ಲಿ ಆಟಗಾರ ಹರಾಜಿನಲ್ಲಿ ಹೋಗುತ್ತಾನೆ, ಅವನ ಊರಿನ ತಂಡ ಊರಲ್ಲೇ ಉಳಿಯುತ್ತದೆ.

ಮೊನ್ನೆ ತಮ್ಮ ವಾಟ್ಸಾಪಿನಲ್ಲಿ ಊರಿನ ಪಂದ್ಯಾವಳಿಯ ಪೋಸ್ಟರ್ ಕಳಿಸಿದ್ದ. ಶಾಸಕರ ಫೋಟೋ, ಮ್ಯಾಟ್ ಅಂಕಣ, ದೊಡ್ಡ ಬಹುಮಾನ. ಕೆಳಗೆ ಸಣ್ಣ ಅಕ್ಷರದಲ್ಲಿ: 'ಆಹ್ವಾನಿತ ತಂಡಗಳಿಗೆ ಮಾತ್ರ.'