ಅರ್ಧ ಮನೆಯಾದರೂ ಸರಿ, ಊರೊಳಗೆ ಕೊಡಿ

ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಊರಾಚೆ ಸರ್ಕಾರದ ಫ್ಲ್ಯಾಟ್ ಸಿಕ್ಕಿತ್ತು. ಮೂರನೇ ಮಹಡಿ. ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದರು. ಆರೇ ತಿಂಗಳಲ್ಲಿ ಅದನ್ನು ಬಾಡಿಗೆಗೆ ಕೊಟ್ಟು ಹಳೇ ಬೀದಿಯಲ್ಲೇ ಶೀಟಿನ ಮನೆ ಹಿಡಿದರು. "ಇವರಿಗೆ ಮನೆ ಕೊಟ್ಟರೆ ಹೀಗೇ" ಎಂದಿತು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು.

ಅಕ್ಕನ ಲೆಕ್ಕ ಬೇರೆ. ದಿನಕ್ಕೆ ನಾಲ್ಕು ಮನೆ ಕೆಲಸ, ನಡುವೆ ಮಗುವಿನ ಊಟ. ಅಲ್ಲಿಂದ ಎರಡು ಬಸ್ ಬದಲಿಸಿ ಬರುವುದಾದರೆ ಎರಡು ಮನೆ ಬಿಡಲೇಬೇಕು. ಹೆಂಗಸರಿಗೆ ಬಸ್ ಫ್ರೀ ಅಲ್ವಾ ಎಂದು ಬಾಯ್ತಪ್ಪಿ ಕೇಳಿದೆ. "ದುಡ್ಡು ಉಳೀತು ಸಾರ್, ಹೊತ್ತು ಎಲ್ಲಿ ಉಳೀತು?" ಎಂದರು. ಇನ್ನೊಂದು ಮಾತೂ ಹೇಳಿದರು: ಲಾಕ್‌ಡೌನಿನಲ್ಲಿ ಎರಡು ತಿಂಗಳು ಅಕ್ಕಿಬೇಳೆ ಕಡ ಕೊಟ್ಟದ್ದು ಹಳೇ ಬೀದಿಯ ಅಂಗಡಿಯವರು. ಹೊಸ ಜಾಗದಲ್ಲಿ ಯಾರು ಕೊಡುತ್ತಾರೆ?

ನೆರೆಯೋ ರೋಗವೋ ಬಂದಾಗ ಬಡವರನ್ನು ಕಾಪಾಡುವುದು ಇಂಥ ಕಡ, ಚೀಟಿ, ಅಕ್ಕಪಕ್ಕದವರು. ನಮ್ಮ ಯೋಜನೆಗಳಲ್ಲಿ ಗೋಡೆಗೆ ಲೆಕ್ಕವಿದೆ, ಇದಕ್ಕಿಲ್ಲ.

ಗೋಡೆಯಾದರೂ ಗಟ್ಟಿ ಇರುತ್ತದೆಯೇ? ಬೆಂಗಳೂರಿನ ಈಜಿಪುರದಲ್ಲಿ 1990ರ ದಶಕದ ಆರಂಭದಲ್ಲಿ ಪಾಲಿಕೆ ಕಟ್ಟಿಸಿದ ಸುಮಾರು 1,500 ಮನೆಗಳಲ್ಲಿ ಕೆಲವು ಬ್ಲಾಕ್‌ಗಳು ಎರಡು ದಶಕವೂ ತಡೆಯದೆ ಕುಸಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದರು. 2013ರ ಜನವರಿಯ ಚಳಿಯಲ್ಲಿ ಅವಕ್ಕೂ ಬುಲ್ಡೋಜರ್ ಬಂತು. ಜಮೀನಿನ ಒಂದು ಪಾಲಿನಲ್ಲಿ ಮಾಲ್ ಬರಬೇಕಿತ್ತು. ಅಲ್ಲಿನ ಹೆಂಗಸರು ಕೋರಮಂಗಲದ ಮನೆಗಳಿಗೆ ನಡೆದೇ ಕೆಲಸಕ್ಕೆ ಹೋಗುತ್ತಿದ್ದವರು. ಅವರಿಗೆ ತೋರಿಸಿದ ಜಾಗ ಊರಾಚೆ, ಸರ್ಜಾಪುರದ ಕಡೆಯ ಸೂಲಿಕುಂಟೆ.

ಚಿಲಿ ದೇಶದ ಇಕಿಕೆ ಎಂಬ ಊರಿನಲ್ಲಿ ಇದಕ್ಕೆ ತಿರುಗುಮುರುಗಾಗಿ ಮಾಡಿದರು. ಕಿಂತಾ ಮೊನ್ರೊಯ್ ಎಂಬಲ್ಲಿ ಮೂವತ್ತು ವರ್ಷದಿಂದ ಕೂತಿದ್ದ ಸುಮಾರು ನೂರು ಕುಟುಂಬ. ಊರ ನಡುವಿನ ಜಾಗ, ಭಾರಿ ಬೆಲೆ. ಕುಟುಂಬಕ್ಕೆ ಸಿಕ್ಕ ಸಹಾಯಧನ 7,500 ಡಾಲರ್; ಜಮೀನೂ ಅದರಲ್ಲೇ ಬರಬೇಕು. ವಾಸ್ತುಶಿಲ್ಪಿ ಅಲೆಹಾಂದ್ರೊ ಅರವೇನ ತಂಡದವರು ಜಾಗ ಬಿಡಲಿಲ್ಲ, ಮನೆಯನ್ನೇ ಅರ್ಧ ಮಾಡಿದರು. ಅಡುಗೆಮನೆ, ಬಚ್ಚಲು, ಮೆಟ್ಟಿಲು, ಅಂದರೆ ಬಡವ ತಾನೇ ಕಟ್ಟಿಕೊಳ್ಳಲಾಗದ ಅರ್ಧವನ್ನು ಕಟ್ಟಿ, ಮಗ್ಗುಲಲ್ಲಿ ಅಷ್ಟೇ ಜಾಗ ಖಾಲಿ ಬಿಟ್ಟರು. ದುಡ್ಡು ಕೂಡಿದಂತೆ ಜನ ರೂಮು ಎಳೆದುಕೊಂಡರು. ಒಂದೊಂದು ಮನೆಗೆ ಒಂದೊಂದು ಬಣ್ಣ, ಒಂದೊಂದು ಆಕಾರ; ನೋಡಲು ಚೆನ್ನಾಗಿಲ್ಲ ಎನ್ನುವವರೂ ಇದ್ದಾರೆ, ಇರಲಿ. 2016ರಲ್ಲಿ ಅರವೇನಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು.

ನಮ್ಮಲ್ಲಿ ಕೇಳಿದರೆ ಊರೊಳಗೆ ಜಾಗವೇ ಇಲ್ಲ ಅನ್ನುತ್ತಾರೆ. ಈಜಿಪುರದ ಮಾಲ್‌ಗೆ ಹೇಗೆ ಸಿಕ್ಕಿತು ಸ್ವಾಮಿ?

ಅಕ್ಕನ ಫ್ಲ್ಯಾಟಿನಲ್ಲೀಗ ಕಟ್ಟಡ ಕೆಲಸಕ್ಕೆ ಬಂದ ರಾಯಚೂರಿನ ಹುಡುಗರಿದ್ದಾರೆ. ಅವರು ಕೊಡುವ ಬಾಡಿಗೆ ಈ ಶೀಟಿನ ಮನೆಯ ಬಾಡಿಗೆಗೂ ಸಾಲುತ್ತಿಲ್ಲ.