ಸೇಬು ಕಾಣದಿದ್ದರೆ ನೆನಪು ಕುಸಿದಂತೆಯೇ?

‘ಕಣ್ಣು ಮುಚ್ಚಿ ಕೆಂಪು ಸೇಬನ್ನು ನೆನೆಯಿರಿ. ಕಾಣದಿದ್ದರೆ ನಿಮ್ಮ ಜ್ಞಾಪಕಶಕ್ತಿ ಕುಸಿಯುತ್ತಿದೆ.’ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಸಂದೇಶ ತಪ್ಪು.

ಸತ್ಯಾಂಶ: ಮನಸ್ಸಿನಲ್ಲಿ ಚಿತ್ರ ಮೂಡದಿರುವುದು ಕಾಯಿಲೆಯಲ್ಲ. ಹುಟ್ಟಿನಿಂದಲೇ ಹಾಗಿರುವವರಿದ್ದಾರೆ. 1880ರಲ್ಲೇ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, ಬೆಳಗಿನ ತಿಂಡಿಯ ಮೇಜನ್ನು ನೆನೆದಾಗ ಏನು ಕಾಣುತ್ತದೆಂದು ಹಲವರನ್ನು ಕೇಳಿದ್ದರು. ಕೆಲವರಿಗೆ ಏನೂ ಕಂಡಿರಲಿಲ್ಲ, ಅವರಲ್ಲಿ ವಿಜ್ಞಾನಿಗಳೂ ಇದ್ದರು. ಇದಕ್ಕೆ ‘ಅಫಾಂಟೇಸಿಯಾ’ ಎಂಬ ಹೆಸರು ಬಂದದ್ದು 2015ರಲ್ಲಿ, ನರವಿಜ್ಞಾನಿ ಆಡಂ ಜೆಮನ್ ತಂಡದಿಂದ.

ನೆನಪಿನ ಮಾತೇನು? 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೋಣೆಗಳ ಫೋಟೊ ತೋರಿಸಿ, ನೆನಪಿನಿಂದ ಬಿಡಿಸಲು ಹೇಳಿದರು. ಮನಸ್ಸಿನಲ್ಲಿ ಚಿತ್ರ ಮೂಡದವರು ಬಿಡಿಸಿದ ವಸ್ತುಗಳು ಕಡಿಮೆ, ಬಣ್ಣವೂ ಕಡಿಮೆ. ಕೆಲವೆಡೆ ಬಿಡಿಸುವ ಬದಲು ‘ಕಿಟಕಿ’ ಎಂಬಂತೆ ಹೆಸರು ಬರೆದಿದ್ದರು. ಆದರೆ ಯಾವುದು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂಬುದರಲ್ಲಿ ಉಳಿದವರಷ್ಟೇ ನಿಖರ. ಇಲ್ಲದ ವಸ್ತುವನ್ನು ಸೇರಿಸಿದ ತಪ್ಪಂತೂ ಇವರಲ್ಲೇ ಕಡಿಮೆ! ಜಾಗದ ನೆನಪಿಗೂ ರೂಪದ ನೆನಪಿಗೂ ಬೇರೆ ಬೇರೆ ದಾರಿಗಳಿರುವುದರ ಸುಳಿವಿದು.

ಹಳೆಯ ಘಟನೆಗಳ ವಿವರ ಮಸುಕೆಂದು ಇವರಲ್ಲಿ ಹಲವರು ಹೇಳುವುದುಂಟು. ಅದು ಮರೆವಿನ ರೋಗವಲ್ಲ. ಮೊದಲು ಕಾಣುತ್ತಿದ್ದ ಚಿತ್ರಗಳು ತಲೆಗೆ ಪೆಟ್ಟು ಬಿದ್ದ ಮೇಲೋ ಪಾರ್ಶ್ವವಾಯುವಿನ ನಂತರವೋ ನಿಂತುಹೋದರೆ ನರರೋಗ ತಜ್ಞರನ್ನು ಕಾಣಬೇಕು.