ಮುಂದಿನ ಅಗಲ ಬಿಡಿ, ಹಿಂದಿನ ಅಗಲ ಹೇಳ್ರಪ್ಪಾ!

ಚಿಕ್ಕ ಫೈರ್‌ಪ್ಲೇಸ್ ಇರುವವರಿಗೆ ಚಳಿಯೇ ಆಗಲ್ಲ ಅಂತ ಈ ಪೆಲೆಟ್ (ಮರದ ಪುಡಿ ಒತ್ತಿ ಮಾಡಿದ ಗುಳಿಗೆ) ಉರಿಸುವ ಸ್ಟವ್ ಕಂಪನಿಗಳು ತೀರ್ಮಾನ ಮಾಡಿಬಿಟ್ಟಿವೆಯಾ? ಕೇಳಿ ಕೇಳಿ ಸಾಕಾಗಿದೆ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಹಳೇ ಕಾಲದ ಮನೆ. ಫೈರ್‌ಪ್ಲೇಸ್ ಒಳಗೆ ಕೂರಿಸಿದ್ದ ಪೆಲೆಟ್ ಸ್ಟವ್‌ನ (ಇದಕ್ಕೆ ಇನ್ಸರ್ಟ್ ಅಂತಾರೆ) ಕಂಟ್ರೋಲ್ ಬೋರ್ಡ್ ಸುಟ್ಟುಹೋಯಿತು. ಆ ಮಾಡೆಲ್ ಈಗ ತಯಾರಾಗುತ್ತಿಲ್ಲ, ಬೋರ್ಡೂ ಸಿಗುತ್ತಿಲ್ಲ. ಗ್ಯಾರೇಜಿನಲ್ಲಿ ಮಾತ್ರ ಎರಡು ಟನ್ ಪೆಲೆಟ್, ಅಂದರೆ 40 ಪೌಂಡಿನ ನೂರು ಚೀಲ, ಹಾಗೇ ಕೂತಿವೆ. ಸರಿ, ಹೊಸ ಇನ್ಸರ್ಟ್ ಹಾಕಿಸೋಣ ಅಂತ ಹೊರಟರೆ ತಲೆ ಚಿಟ್ಟು ಹಿಡಿದುಹೋಯಿತು.

ನಮ್ಮ ಫೈರ್‌ಪ್ಲೇಸ್ ಬಾಯಿ ಮುಂದೆ 29 ಇಂಚು ಅಗಲ, 22 ಇಂಚು ಎತ್ತರ. ಆದರೆ ಎರಡೂ ಪಕ್ಕದ ಇಟ್ಟಿಗೆ ಗೋಡೆಗಳು ಹಿಂದಕ್ಕೆ ಹೋಗ್ತಾ ಹೋಗ್ತಾ ಒಳಕ್ಕೆ ಬರುತ್ತವೆ. ಹಿಂಬದಿ ಬರೀ 19 ಇಂಚು! ಸಾಲದ್ದಕ್ಕೆ ಹಿಂದಿನ ಗೋಡೆ ಅರ್ಧದಿಂದ ಮೇಲೆ ಮುಂದಕ್ಕೆ ಬಾಗಿದೆ. ಸೌದೆ ಉರಿಸುವಾಗ ಶಾಖ ರೂಮಿನ ಕಡೆ ಬರಲಿ ಅಂತ ಹೀಗೇ ಕಟ್ಟುತ್ತಿದ್ದರು. ಇಲ್ಲಿನ ಹಳೇ ಮನೆಗಳಲ್ಲಿ ಇದು ಮಾಮೂಲು. ಸ್ಟವ್ ಮಾಡುವವರಿಗೆ ಇದು ಗೊತ್ತಿಲ್ವಾ?

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಮುಂದಿನ ಅಗಲ ಒಂದೇ. ಕಾಲರ್ ಅಳತೆ ಹೇಳಿ ಪ್ಯಾಂಟ್ ಮಾರಿದ ಹಾಗೆ! ಹಿಂದಿನ ಅಗಲ, ಆಳ, ಆ ಆಳದಲ್ಲಿ ಎಷ್ಟು ಎತ್ತರ ಬೇಕು, ಇವೆಲ್ಲ ಮ್ಯಾನುಯಲ್ ಒಳಗೆ ಎಲ್ಲೋ ಒಂದು ಸಣ್ಣ ಚಿತ್ರದಲ್ಲಿ ಅಡಗಿರುತ್ತವೆ. ಹುಡುಕಿ ನೋಡಿದರೆ ಹಿಂಬದಿ 24 ಇಂಚು ಬೇಕಂತೆ. ಮುಗೀತು ಕಥೆ.

ಅಂಗಡಿಯವನು ಇನ್ನೂ ಒಂದು ಕೈ ಮೇಲೆ. ಟೇಪ್ ಮುಟ್ಟದೆ, ಫೋಟೋ ನೋಡಿ “ಆರಾಮಾಗಿ ಕೂರುತ್ತೆ” ಅಂದ. ಹಿಂಬದಿ ಅಳತೆ ಹೇಳಿದ ಮೇಲೆ “ಹಾಗಾದ್ರೆ ಸ್ವಲ್ಪ ಮುಂದಕ್ಕೆ ಎಳೆದು ಕೂರಿಸೋಣ” ಅಂದ. ಮುಂದಕ್ಕೆ ಬಂದರೆ ಎದುರಿನ ಕಲ್ಲುಹಾಸು ಸಾಲಲ್ಲ, ಮೇಲಿನ ಮರದ ಹಲಗೆಗೆ ಬಿಡಬೇಕಾದ ಅಂತರ ಉಳಿಯಲ್ಲ, ಪಕ್ಕದ ಸಂದಿ ಮುಚ್ಚುವ ಪ್ಯಾನೆಲ್‌ಗೆ ಬೇರೆ ದುಡ್ಡು. ಕೊನೆಗೆ ಏನು ಗೊತ್ತಾ? “ಒಳಗಿನ ಇಟ್ಟಿಗೆ ಒಡೆಸಿಬಿಡಿ ಮ್ಯಾಮ್!” ಚಿಮಣಿಗೇ ಪೆಟ್ಟು ಬಿದ್ದರೆ ಏನು ಗತಿ ಮಾರಾಯ!

ಅದೇ ಅಂಗಡಿಯ ಗೋಡೆಯ ಮೇಲೆ ಇಂಥ ಸ್ಟವ್ ಕೊಂಡರೆ 30 ಪರ್ಸೆಂಟ್ ಟ್ಯಾಕ್ಸ್ ಕ್ರೆಡಿಟ್ (ಕಟ್ಟುವ ತೆರಿಗೆಯಲ್ಲಿ ಕಡಿತ), 2000 ಡಾಲರ್‌ವರೆಗೆ ಅಂತ ಬೋರ್ಡ್ ಬೇರೆ. ಅದು 2025ರ ಡಿಸೆಂಬರ್ 31ಕ್ಕೇ ಮುಗಿದಿದೆ. ಕೇಳಿದರೆ ಹಲ್ಲು ಕಿರಿದ.

ನಮ್ಮನೆಯವರು ರೂಮಿನಲ್ಲೇ ನಿಲ್ಲಿಸುವ ಸ್ಟವ್ ತಗೊಳ್ಳೋಣ ಅಂತಾರೆ. ಇರುವುದೇ ಅಂಗೈ ಅಗಲದ ಹಾಲ್. ಅದರಲ್ಲಿ ಸೋಫಾ ಎಲ್ಲಿಡೋದು, ಮಕ್ಕಳು ಎಲ್ಲಿ ಓಡಾಡೋದು? ಚಿಮಣಿಯೊಳಗೆ ಹೊಗೆ ಹೋಗುವ 4 ಇಂಚಿನ ಸ್ಟೀಲ್ ಪೈಪ್ ಮೇಲಿನವರೆಗೂ ಇದೆ. ಚೆನ್ನಾಗಿದ್ದರೆ ಅದನ್ನೇ ಬಳಸಬಹುದು. ಬೇಕಿರುವುದು ಅದರ ಬುಡದಲ್ಲಿ ಕೂರುವ ಒಂದು ಚಿಕ್ಕ ಇನ್ಸರ್ಟ್, ಅಷ್ಟೇ.

ಹಿಂಬದಿ 19 ಇಂಚಿಗೆ ನಿಜವಾಗಿ ಕೂತ ಇನ್ಸರ್ಟ್ ಯಾರ ಮನೆಯಲ್ಲಾದರೂ ಇದ್ದರೆ ಮಾಡೆಲ್ ಹೆಸರು ಹೇಳಿ. “ಗೋಡೆ ಒಡೆಸಿ” ಅನ್ನುವವರು ದಯವಿಟ್ಟು ಸುಮ್ನಿರಿ.